22 ರೈಫಲ್‌ಗೆ ಸರಿಯಾದ ತೋಟಾ ಆರಿಸೋದು ಹೇಗೆ: ಕೈಲ್‌ಪೊಳ್ದ್‌ಗೆ ಮುಂಚೆ ಹಂತ ಹಂತವಾಗಿ ಮಾಡ್ಬೇಕಾದ ಕೆಲಸ

ಕಕ್ಕಡ (ನಮ್ಮ ಕೊಡಗಿನ ಜೋರು ಮಳೆ ತಿಂಗಳು) ಮುಗಿದು ಸೆಪ್ಟೆಂಬರ್ 3ರ ಕೈಲ್‌ಪೊಳ್ದ್, ಅಂದ್ರೆ ನಾವು ಕೊಡವರು ಕೋವಿ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯೋ ಆಯುಧ ಹಬ್ಬ, ಹತ್ರ ಬರ್ತಿದ್ದ ಹಾಗೆ ಪ್ರತಿ ವರ್ಷ ಅದೇ ಪ್ರಶ್ನೆ ಬರುತ್ತೆ, ಅಣ್ಣ 22 ರೈಫಲ್‌ಗೆ (ಬ್ಯಾರಲ್ ತೂತು ಸುಮಾರು 0.22 ಇಂಚಿನದ್ದು) ಯಾವ ತೋಟಾ ತಗೊಳ್ಳಲಿ, ಹೋದ್ಸಲ ತೆಂಗಿನಕಾಯಿ ಪಕ್ಕದಲ್ಲೇ ಹೋಯ್ತು ಗುಂಡು, ಈ ಸಲ ದುಬಾರಿದು ತಗೊಂಡಿದೀನಿ ಆದ್ರೂ ಹಾಗೇ ಆಗ್ತಿದೆ ಅಂತ. ಕೂತು ವಿಚಾರಿಸಿದ್ರೆ ಎಲ್ಲರೂ ಒಂದೇ ಥರ ಎಡವಿರ್ತಾರೆ. ಅಂಗಡಿಲಿ ಸಿಕ್ಕಿದ ಮೂರು ನಾಲ್ಕು ಥರ ತರೋದು, ಒಂದೊಂದ್ರಲ್ಲಿ ಮೂರು ಮೂರು ಹೊಡೆಯೋದು, ಯಾವ್ದು ಹತ್ರ ಹತ್ರ ಬಿತ್ತೋ ಅದೇ ಬೆಸ್ಟ್ ಅಂತ ತೀರ್ಮಾನ ಮಾಡೋದು, ಮುಂದಿನ ವಾರ ಅದೇ ತೋಟಾ ಚದುರಿ ಹೋದಾಗ ಸ್ಕೋಪ್ (ಗುರಿ ಹಿಡಿಯೋ ದುರ್ಬೀನು) ಹೊಂದಿಸೋ ತಿರುಪು ತಿರುಗಿಸೋದು. ತೋಟಾದಲ್ಲಿ ತಪ್ಪಿರಲ್ಲ, ನೋಡಿದ ಕ್ರಮದಲ್ಲಿ ತಪ್ಪಿರುತ್ತೆ. ಅದಕ್ಕೆ ಈ ಬರಹದಲ್ಲಿ ಕ್ರಮಕ್ಕೇ ಜಾಸ್ತಿ ಒತ್ತು ಕೊಟ್ಟಿದೀನಿ, ಒಂದು ಹಂತ ಮುಗಿಸದೆ ಇನ್ನೊಂದಕ್ಕೆ ಹೋಗ್ಬೇಡಿ.

ಇದು ಪೂರ್ತಿ ಗುರಿ ಸ್ಪರ್ಧೆಗೆ ಮಾತ್ರ. ಕಾಡುಪ್ರಾಣಿ ಬೇಟೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಆ ವಿಷಯ ಇಲ್ಲಿಲ್ಲ.

ಮೊದಲು ಮದ್ದಿನ ಮಾತು ಮುಗಿಸಿಬಿಡೋಣ

ಸುಮಾರು ಹುಡುಗರು ಕೇಳ್ತಾರೆ, ಹೊರದೇಶದಲ್ಲಿ ತೋಟಾನ ಅವರೇ ತುಂಬಿಸ್ಕೊಳ್ತಾರಲ್ಲ, ಮದ್ದು ಬದಲಿಸಿದ್ರೆ ಗ್ರೂಪ್ (ಟಾರ್ಗೆಟ್ ಮೇಲೆ ಗುಂಡುಗಳು ಬಿದ್ದ ಗುಂಪು) ಚೆನ್ನಾಗಿ ಬರುತ್ತಂತೆ, ನಾವೂ 22 ಬಿಚ್ಚಿ ಬೇರೆ ಮದ್ದು ಹಾಕಿದ್ರೆ ಹೇಗೆ ಅಂತ. ಆಗಲ್ಲ, ಮಾಡಲೂ ಬೇಡಿ. ಅವರು ತುಂಬಿಸೋದು ಮಧ್ಯದಲ್ಲಿ ಕೇಪು (ಬಡಿದಾಗ ಕಿಡಿ ಕೊಟ್ಟು ಮದ್ದು ಹೊತ್ತಿಸೋ ಪುಟ್ಟ ಬಟ್ಟಲು) ಇರೋ ದೊಡ್ಡ ರೈಫಲ್ ತೋಟಾಗಳನ್ನ, ಅದ್ರಲ್ಲಿ ಹೊಡೆದ ಕೇಪು ತೆಗೆದು ಹೊಸದು ಕೂರಿಸಬಹುದು. 22ರಲ್ಲಿ ಬೇರೆ ಕೇಪೇ ಇಲ್ಲ, ಹಿತ್ತಾಳೆ ಕೇಸಿನ ಹಿಂದಿನ ಅಂಚಿನ ಒಳಗೆ ಸುತ್ತಲೂ ಕೇಪಿನ ಮಸಾಲೆ ಹರಡಿರುತ್ತೆ, ಫೈರಿಂಗ್ ಪಿನ್ ಆ ಅಂಚನ್ನ ಜಜ್ಜಿದಾಗ ಹೊತ್ತಿಕೊಳ್ಳುತ್ತೆ. ಒಂದ್ಸಲ ಜಜ್ಜಿದ ಮೇಲೆ ಅದರ ಕಥೆ ಮುಗೀತು. ಹೊಡೀದೆ ಇರೋ ತೋಟಾನ ಬಿಚ್ಚಿ ಮದ್ದು ಬದಲಿಸಿದ್ರೂ ಅಷ್ಟೇ ಅಪಾಯ, ಯಾಕಂದ್ರೆ ಒಳಗಿರೋ ಮದ್ದು ಚಿಟಿಕೆಗಿಂತಲೂ ಕಮ್ಮಿ, ಅಷ್ಟರಲ್ಲಿ ಕೂದಲೆಳೆಯಷ್ಟು ಹೆಚ್ಚು ಕಮ್ಮಿ ಆದ್ರೂ, ಬೇಗ ಉರಿಯೋ ಮದ್ದು ಬಿದ್ರೂ ಒತ್ತಡ ಎಲ್ಲಿಗೋ ಹೋಗುತ್ತೆ, ತೆಳು ಅಂಚು ಒಡೆದು ಬಿಸಿ ಗ್ಯಾಸ್ ನೇರ ಕಣ್ಣಿಗೆ ಬರುತ್ತೆ. ಕಾನೂನೂ ಹಾಗೇ ಇದೆ, ತೋಟಾ ತಯಾರಿಸೋಕೆ 1959ರ ಆರ್ಮ್ಸ್ ಆಕ್ಟ್‌ನ 5ನೇ ಸೆಕ್ಷನ್ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು, ಕೋವಿ ಇಟ್ಕೊಳ್ಳೋಕೆ ಇರೋ ಲೈಸೆನ್ಸ್ ಆಗ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಕೊಳ್ಳೋಕೆ ನಮ್ಮ ಕೊಡವರಿಗೂ ಜಮ್ಮಾ ಜಮೀನಿನವರಿಗೂ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಇರೋ ವಿನಾಯಿತಿ ಆಗ್ಲಿ ಆ ಕೆಲಸಕ್ಕೆ ಸಾಲಲ್ಲ.

ಹಾಗಾಗಿ 22 ಹೊಡೆಯೋರಿಗೆ ಮದ್ದು ಆರಿಸೋದು ಅಂದ್ರೆ ಲಾಟ್ ಆರಿಸೋದು. ಫ್ಯಾಕ್ಟರಿಲಿ ಒಂದು ಓಟದಲ್ಲಿ, ಒಂದೇ ಮದ್ದು, ಒಂದೇ ಮಸಾಲೆ, ಒಂದೇ ಸೀಸದಲ್ಲಿ ತಯಾರಾದ ತೋಟಾಗಳಿಗೆ ಒಂದು ಲಾಟ್ ನಂಬರ್ ಇರುತ್ತೆ. ಬ್ರ್ಯಾಂಡ್ ಒಂದೇ ಆದ್ರೂ ಲಾಟ್ ಬದಲಾದ್ರೆ ನಿಮ್ಮ ಬ್ಯಾರಲ್‌ಗೆ ಅದು ಬೇರೆ ತೋಟಾನೇ. ಈ ಒಂದು ಮಾತು ತಲೆಗೆ ಹೋದ್ರೆ ಅರ್ಧ ಕೆಲಸ ಆದ ಹಾಗೆ.

ಬೇಕಾದ ಸಾಮಾನು

ಒಂದೇ ಪೀಸಿನ ಕ್ಲೀನಿಂಗ್ ರಾಡ್, ಪ್ಯಾಚ್ ಬಟ್ಟೆ, ಬೋರ್ ಸಾಲ್ವೆಂಟ್ (ಬೋರ್, ಅಂದ್ರೆ ಬ್ಯಾರಲ್ ತೂತಿನ ಒಳಗಿನ ಮಸಿ ಕರಗಿಸೋ ದ್ರಾವಣ), ಗನ್ ಆಯಿಲ್, ಮುಂದಕ್ಕೆ ಹಿಂದಕ್ಕೆ ಎರಡೂ ಕಡೆ ಇಡೋಕೆ ಮರಳು ಚೀಲ (ಗಟ್ಟಿ ಬಟ್ಟೆ ಚೀಲಕ್ಕೆ ಒಣ ಮರಳು ತುಂಬಿಸಿದ್ರೆ ಸಾಕು, ಕಾಫಿ ಗೋಣಿ ಬೇಡ, ಅದು ಜಾರುತ್ತೆ), ಅಲುಗಾಡದ ಟೇಬಲ್, ಬಿಳಿ ಕಾಗದದ ಟಾರ್ಗೆಟ್, ಸ್ಕೇಲ್ ಅಥವಾ ವರ್ನಿಯರ್, ಕಣ್ಣಿಗೆ ಕನ್ನಡಕ, ಕಿವಿಗೆ ಮಫ್, ಒಂದು ನೋಟ್‌ಬುಕ್. ನೋಟ್‌ಬುಕ್ ಬಿಟ್ಟು ಹೋಗೋರೇ ಜಾಸ್ತಿ, ಆಮೇಲೆ ನೆನಪಿನಲ್ಲಿ ಲೆಕ್ಕ ಹಾಕ್ತಾರೆ, ಮನಸ್ಸಿಗೆ ಇಷ್ಟ ಆದ ಗ್ರೂಪ್ ಮಾತ್ರ ನೆನಪಿರುತ್ತೆ.

ಹಂತ 1: ಕಾಗದ, ಬ್ಯಾರಲ್, ಡಬ್ಬಿ ಮೂರೂ ಒಂದೇ ಮಾತು ಹೇಳ್ತಿವೆಯಾ ನೋಡಿ

ಲೈಸೆನ್ಸಲ್ಲಿ ಒಂದ್ಸಲಕ್ಕೆ ಎಷ್ಟು ತೋಟಾ ಇಟ್ಕೊಬಹುದು, ವರ್ಷಕ್ಕೆ ಎಷ್ಟು ತಗೊಬಹುದು ಅಂತ ಬರೆದಿರುತ್ತೆ. ಈ ಪರೀಕ್ಷೆಗೆ ಮೂರು ಥರ ತಗೊಂಡ್ರೆ 150 ತೋಟಾ ಬೇಕು, ನಿಮ್ಮ ಮಿತಿ ಅದಕ್ಕಿಂತ ಕಮ್ಮಿ ಇದ್ರೆ ಒಂದೊಂದಾಗಿ ತಗೊಂಡು ಮುಗಿಸಿ. ವಿನಾಯಿತಿ ಪತ್ರದ ಮೇಲೆ ಕೋವಿ ಇಟ್ಟಿರೋರು ಅದ್ರಲ್ಲಿ ಯಾವ ಕೋವಿ, ಎಷ್ಟು ತೋಟಾ ಅಂತ ಇದೆ ಅನ್ನೋದನ್ನ ಓದಿ, ಅಪ್ಪನ ಕಾಲದಿಂದ ಹೀಗೇ ಅಂತ ಹೋಗ್ಬೇಡಿ.

ಆಮೇಲೆ ಬ್ಯಾರಲ್ ಮೇಲಿನ ಅಕ್ಷರ. 22 ಲಾಂಗ್ ರೈಫಲ್, 22 ಶಾರ್ಟ್, 22 ಮ್ಯಾಗ್ನಮ್ ಇವೆಲ್ಲ ಬೇರೆ ಬೇರೆ. ಮ್ಯಾಗ್ನಮ್ ಕೇಸು ದಪ್ಪ, ಲಾಂಗ್ ರೈಫಲ್ ಚೇಂಬರಿಗೆ (ಬ್ಯಾರಲ್ ಹಿಂದೆ ತೋಟಾ ಕೂರೋ ಗೂಡು) ಹೋಗಲ್ಲ, ಒತ್ತಿ ತುರುಕಬೇಡಿ. ಅದೇ ಉಲ್ಟಾ, ಲಾಂಗ್ ರೈಫಲ್ ತೋಟಾ ಮ್ಯಾಗ್ನಮ್ ಚೇಂಬರಿಗೆ ಸಲೀಸಾಗಿ ಹೋಗುತ್ತೆ, ಹೊಡೆದ್ರೆ ಕೇಸು ಸೀಳುತ್ತೆ. ಲಾಂಗ್ ರೈಫಲ್ ಚೇಂಬರಿಗೆ ಶಾರ್ಟ್ ಹಾಕಿದ್ರೆ ಹೊಡೆಯುತ್ತೆ, ಆದ್ರೆ ಕೇಸು ಗಿಡ್ಡ ಇರೋದ್ರಿಂದ ಚೇಂಬರಿನ ಮುಂದಿನ ಭಾಗದಲ್ಲಿ ಮಸಿ ಉಂಗುರ ಕಟ್ಟುತ್ತೆ, ಆಮೇಲೆ ಲಾಂಗ್ ರೈಫಲ್ ಹಾಕಿದಾಗ ಸಿಕ್ಕಿಹಾಕ್ಕೊಳ್ಳುತ್ತೆ. ಹಳೇ ರೈಫಲ್ ತಗೊಂಡೋರು ಈ ಉಂಗುರ ಇದ್ಯಾ ಅಂತ ಮೊದಲು ನೋಡಿ.

ಹಂತ 2: ತೋಟಾ ಮುಟ್ಟೋ ಮುಂಚೆ ರೈಫಲ್ ನೋಡಿ

ಮ್ಯಾಗಜಿನ್ ತೆಗೆದು, ಬೋಲ್ಟ್ (ಚೇಂಬರನ್ನ ಹಿಂದಿನಿಂದ ಮುಚ್ಚೋ ಅಗುಳಿ) ತೆರೆದು, ಚೇಂಬರ್ ಖಾಲಿ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಆಮೇಲೇ ಬಾಕಿ ಎಲ್ಲ.

ಸ್ಟಾಕನ್ನ (ರೈಫಲ್ಲಿನ ಮರದ ಹಿಡಿ) ಹಿಡಿದಿರೋ ಸ್ಕ್ರೂಗಳು ಬಿಗಿ ಇವೆಯಾ? ನಮ್ಮ ಮಳೆಗಾಲದಲ್ಲಿ ಮರದ ಸ್ಟಾಕ್ ನೀರು ಕುಡಿದು ಉಬ್ಬುತ್ತೆ, ಡಿಸೆಂಬರಲ್ಲಿ ಒಣಗಿ ಕುಗ್ಗುತ್ತೆ, ಸ್ಕ್ರೂ ಸಡಿಲ ಆಗೋದು ಹಾಗೆ. ಸ್ಕೋಪ್ ಮೌಂಟ್ ಕೂಡ ಅಷ್ಟೇ, ಕೈಲಿ ಹಿಡಿದು ಅಲುಗಿಸಿ ನೋಡಿ. ಬ್ಯಾರಲ್ ಮತ್ತೆ ಸ್ಟಾಕಿನ ಮಧ್ಯೆ ಒಂದು ಕಾಗದ ತೂರಿಸಿ ಹಿಂದಕ್ಕೆ ಎಳೀರಿ, ಹೋದ್ಸಲ ಸಲೀಸಾಗಿ ಹೋಗ್ತಿದ್ದದ್ದು ಈಗ ಒಂದು ಕಡೆ ಹಿಡೀತಿದ್ರೆ ಮರ ಉಬ್ಬಿ ಬ್ಯಾರಲ್‌ನ ತಳ್ತಿದೆ ಅಂತ ಅರ್ಥ. ಇದನ್ನ ಗನ್‌ಸ್ಮಿತ್ ಹತ್ರ ಸರಿ ಮಾಡಿಸದೆ ಎಷ್ಟು ತೋಟಾ ಬದಲಿಸಿದ್ರೂ ದುಡ್ಡು ದಂಡ.

ಬ್ಯಾರಲ್ ತುದಿ, ಅಂದ್ರೆ ಗುಂಡು ಕೊನೆಗೆ ಬಿಡೋ ಅಂಚು, ತುಂಬಾ ಮುಖ್ಯ. ಬೋಲ್ಟ್ ಹೊರಗೆ ತೆಗೆದಿಟ್ಟು, ಕಿವಿಗೆ ಹಾಕೋ ಹತ್ತಿ ಕಡ್ಡಿನ ಆ ಅಂಚಿನ ಒಳಸುತ್ತು ನಿಧಾನ ಆಡಿಸಿ, ಎಲ್ಲಾದ್ರೂ ಹತ್ತಿ ಎಳೆ ಸಿಕ್ಕಿಕೊಂಡ್ರೆ ಅಲ್ಲಿ ತರಚಿದೆ. ಜೀಪಿನಲ್ಲಿ ಕವರ್ ಇಲ್ದೆ ಬ್ಯಾರಲ್ ಕೆಳಗೆ ಮಾಡಿ ನಿಲ್ಲಿಸಿದ ರೈಫಲ್‌ಗಳಲ್ಲಿ ಇದನ್ನ ಸುಮಾರು ನೋಡಿದೀನಿ.

ಹಂತ 3: ಕ್ಲೀನಿಂಗ್, ಅತಿಯಾಗಿ ಬೇಡ

ಸಾಧ್ಯ ಇದ್ರೆ ಹಿಂದಿನಿಂದ, ಚೇಂಬರ್ ಕಡೆಯಿಂದ ರಾಡ್ ಹಾಕಿ. ಸಾಲ್ವೆಂಟ್ ಹಚ್ಚಿದ ಪ್ಯಾಚ್ ಎರಡು ಮೂರು, ಹತ್ತು ನಿಮಿಷ ಬಿಡಿ, ಆಮೇಲೆ ಒಣ ಪ್ಯಾಚ್ ಬಿಳಿ ಬರೋ ತನಕ. 22 ಗುಂಡು ಮೆತ್ತನೆ ಸೀಸ, ಬ್ಯಾರಲ್ ಸವೆಯೋದು ಗುಂಡಿಂದ ಅಲ್ಲ, ನಾವು ಹಿತ್ತಾಳೆ ಬ್ರಷ್ ಹಾಕಿ ಉಜ್ಜೋದ್ರಿಂದ, ಬಳುಕೋ ಜೋಡಣೆ ರಾಡಿಂದ ತುದಿ ತೀಡೋದ್ರಿಂದ. ಚೇಂಬರಿನ ಮಸಿ ಉಂಗುರಕ್ಕೆ ಮಾತ್ರ ಸ್ವಲ್ಪ ಗಮನ ಕೊಡಿ.

ಎಣ್ಣೆ ವಿಷಯದಲ್ಲಿ ನಮ್ಮಲ್ಲಿ ದೊಡ್ಡ ತಪ್ಪು ನಡೀತಿದೆ. ಕೊಬ್ಬರಿ ಎಣ್ಣೆ ಹಚ್ಚೋ ಮನೆಗಳು ಈಗ್ಲೂ ಇವೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಸುತ್ತಮುತ್ತ ಗಟ್ಟಿಯಾಗುತ್ತೆ, ಮಡಿಕೇರಿಲೋ ಸೋಮವಾರಪೇಟೆಲೋ ಬೆಳಿಗ್ಗೆ ಅಷ್ಟು ಬಿಸಿ ಎಲ್ಲಿರುತ್ತೆ ಹೇಳಿ, ಬೋಲ್ಟ್ ಒಳಗೆ ಫೈರಿಂಗ್ ಪಿನ್ ಮೇಲೆ ಅದು ಮೇಣದ ಹಾಗೆ ಕೂತಿರುತ್ತೆ, ಪಿನ್ ನಿಧಾನ ಹೊಡೆಯುತ್ತೆ, ಮಸಾಲೆ ಸರಿಯಾಗಿ ಹೊತ್ತಲ್ಲ, ಜನ ತೋಟಾ ಕೆಟ್ಟಿದೆ ಅಂತಾರೆ. ನಮ್ಮ ಐನ್‌ಮನೆಲಿ (ಕುಲದ ಹಿರಿಮನೆ) ಒಂದು ವರ್ಷ ಹತ್ತರಲ್ಲಿ ಮೂರು ಹೊಡೀಲಿಲ್ಲ, ಬೋಲ್ಟ್ ಬಿಚ್ಚಿ ಸೀಮೆಎಣ್ಣೆಲಿ ತೊಳೆದು ತೆಳ್ಳಗೆ ಗನ್ ಆಯಿಲ್ ಹಚ್ಚಿದ ಮೇಲೆ ಅದೇ ಡಬ್ಬಿಯ ಬಾಕಿ ತೋಟಾ ಎಲ್ಲಾ ಹೊಡೀತು. ಬೋರ್ ಒಳಗೂ ಎಣ್ಣೆ ಬಿಟ್ಟು ಹೊಡೀಬೇಡಿ, ಹೊಡೆಯೋಕೆ ಮುಂಚೆ ಒಂದು ಒಣ ಪ್ಯಾಚ್ ಹಾಯಿಸಿ.

ಹಂತ 4: ಯಾವ ಥರದ್ದು ಬೇಕು ಅಂತ ಮೊದಲೇ ಕಿರಿದು ಮಾಡ್ಕೊಳ್ಳಿ

ಅಂಗಡಿಲಿ ಮುಖ್ಯವಾಗಿ ಎರಡು ಜಾತಿ. ಸ್ಟ್ಯಾಂಡರ್ಡ್ ವೆಲಾಸಿಟಿ, 40 ಗ್ರೇನ್ ಅಂದ್ರೆ ಸುಮಾರು 2.6 ಗ್ರಾಂ ಗುಂಡು, ಸೆಕೆಂಡಿಗೆ 320ರಿಂದ 330 ಮೀಟರ್. ಹೈ ವೆಲಾಸಿಟಿ, ಅದೇ ತೂಕದ್ದು ಸುಮಾರು 375ರಿಂದ 385 ಮೀಟರ್. ಶಬ್ದದ ವೇಗ 20 ಡಿಗ್ರಿಲಿ 343 ಮೀಟರ್. ಅಂದ್ರೆ ಸ್ಟ್ಯಾಂಡರ್ಡ್ ಶುರುವಿಂದಲೇ ಶಬ್ದಕ್ಕಿಂತ ಕೆಳಗೆ ಇರುತ್ತೆ, ಹೈ ವೆಲಾಸಿಟಿ ಮೇಲೆ ಶುರುವಾಗಿ ದಾರಿ ಮಧ್ಯೆ ಆ ಗೆರೆ ದಾಟಿ ಕೆಳಗೆ ಬರುತ್ತೆ, ದಾಟುವಾಗ ಗುಂಡು ಅಲ್ಲಾಡುತ್ತೆ.

ವೇಗ ಜಾಸ್ತಿ ಇದ್ರೆ ಗಾಳಿ ಕಮ್ಮಿ ತಳ್ಳುತ್ತೆ ಅಂತ ಎಲ್ಲರೂ ಅಂದ್ಕೊಳ್ತಾರೆ. 22ರಲ್ಲಿ ಉಲ್ಟಾ. ಗಾಳಿಗೆ ಗುಂಡು ಎಷ್ಟು ಸರಿಯುತ್ತೆ ಅನ್ನೋದು ಅದು ದಾರಿಲಿ ಎಷ್ಟು ವೇಗ ಕಳ್ಕೊಳ್ಳುತ್ತೆ ಅನ್ನೋದರ ಮೇಲೆ ನಿಂತಿದೆ, ಶಬ್ದದ ವೇಗದ ಮೇಲಿರೋ ಮೊಂಡು ಸೀಸದ ಗುಂಡು ಬೇಗ ಬೇಗ ವೇಗ ಕಳ್ಕೊಳ್ಳುತ್ತೆ, ಅದಕ್ಕೆ ಹೈ ವೆಲಾಸಿಟಿನೇ ಜಾಸ್ತಿ ಸರಿಯುತ್ತೆ. ಸೆಪ್ಟೆಂಬರಲ್ಲಿ ಬಯಲು ಮೈದಾನದಲ್ಲಿ ಗಾಳಿ ಹೇಗಿರುತ್ತೆ ಅಂತ ಗೊತ್ತಲ್ಲ. 50 ಮೀಟರ್ ದೂರದ ಕಾಯಿಗೆ ಸ್ಟ್ಯಾಂಡರ್ಡ್ ವೆಲಾಸಿಟಿಯಿಂದಲೇ ಶುರು ಮಾಡಿ ಅನ್ನೋದು ನನ್ನ ಖಚಿತ ಅಭಿಪ್ರಾಯ. ಹಾಲೋ ಪಾಯಿಂಟ್ (ಮೂತಿಲಿ ಗುಳಿ ಇರೋ ಗುಂಡು) ಗಿಲೋ ಪಾಯಿಂಟ್ ಏನೂ ಬೇಡ, ದುಂಡು ಮೂತಿ ಸೀಸದ ಗುಂಡು ಸಾಕು. ದೂರ ಎಷ್ಟು, ಕೂತು ಹೊಡೆಯೋದಾ ನಿಂತಾ ಅಂತ ಸ್ಪರ್ಧೆ ನಡೆಸೋರನ್ನ ಮುಂಚೆನೇ ಕೇಳ್ಕೊಳ್ಳಿ, ಒಂದೊಂದು ಊರಲ್ಲಿ ಒಂದೊಂದು ಥರ.

ದೇಶದ್ದೇ ಆರ್ಡ್ನೆನ್ಸ್ ಫ್ಯಾಕ್ಟರಿ ತೋಟಾ ಒಂದು, ಹೊರಗಿನದ್ರಲ್ಲಿ ಎಲಿ, ಎಸ್‌ಕೆ, ಲಾಪುವಾ, ಆರ್‌ಡಬ್ಲ್ಯುಎಸ್ ಥರದ್ದು ಸಿಕ್ಕಿದ್ರೆ ಅದ್ರಲ್ಲಿ ಕೈಗೆಟಕೋ ದರ್ಜೆದು ಎರಡು, ಒಟ್ಟು ಮೂರು. ಮೂರಕ್ಕಿಂತ ಜಾಸ್ತಿ ಬೇಡ, ಸರಿಯಾಗಿ ಪರೀಕ್ಷೆ ಮಾಡೋಕೆ ತಾಳ್ಮೆ ಉಳಿಯಲ್ಲ. ಅತಿ ದುಬಾರಿ ಮ್ಯಾಚ್ (ಸ್ಪರ್ಧೆಗೇ ಅಂತ ಮಾಡಿದ) ತೋಟಾನ ಸಾಧಾರಣ ಸ್ಪೋರ್ಟಿಂಗ್ ರೈಫಲ್‌ಗೆ ಹಾಕಿದ್ರೆ ಕೆಲವು ಸಲ ಅದಕ್ಕಿಂತ ಅಗ್ಗದ್ದೇ ಚೆನ್ನಾಗಿ ಕೂರುತ್ತೆ, ಇದು ಬ್ಯಾರಲ್‌ನ ಇಷ್ಟ, ಡಬ್ಬಿ ಬೆಲೆ ಅದಕ್ಕೆ ಗೊತ್ತಿಲ್ಲ.

ಹಂತ 5: ಖರೀದಿ

ಡಬ್ಬಿ ತಿರುಗಿಸಿ ಲಾಟ್ ನಂಬರ್ ಓದಿ, ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ಒಂದೊಂದ್ರಲ್ಲಿ 50ರ ಒಂದು ಡಬ್ಬಿ ತಗೊಳ್ಳಿ, ಅದೇ ಲಾಟಿನ ಇನ್ನೆಷ್ಟು ಡಬ್ಬಿ ಅಂಗಡಿಲಿ ಉಳಿದಿದೆ ಅಂತ ಕೇಳ್ಕೊಳ್ಳಿ. ಒಂದೇ ಒಂದು ಡಬ್ಬಿ ಉಳಿದಿರೋ ಲಾಟ್ ಪರೀಕ್ಷೆ ಮಾಡಿ ಪ್ರಯೋಜನ ಇಲ್ಲ, ಚೆನ್ನಾಗಿ ಬಂದ್ರೆ ಮತ್ತೆ ಎಲ್ಲಿಂದ ತರ್ತೀರ?

ಡಬ್ಬಿ ಬಿಚ್ಚಿ ನೋಡಿ. ಗುಂಡಿನ ಮೇಲೆ ತೆಳು ಮೇಣ ಇರ್ಬೇಕು, ಸೀಸದ ಮೇಲೆ ಬಿಳಿ ಪುಡಿ, ಹಿತ್ತಾಳೆ ಮೇಲೆ ಹಸಿರು ಕಲೆ ಇದ್ರೆ ತೇವ ಹೊಕ್ಕಿದೆ, ಬೇಡ. ಬೆರಳಲ್ಲಿ ಗುಂಡು ಅಲ್ಲಾಡಿದ್ರೆ ಆ ತೋಟಾ ಹೊಡೀಬೇಡಿ. ಒಮ್ಮೆ ನನಗೆ ಒಂದು ಅಂಗಡಿಲಿ ಬೇರೆ ಬೇರೆ ಲಾಟ್ ತೋಟಾ ಒಂದೇ ಡಬ್ಬಿಗೆ ತುಂಬಿಸಿ ಕೊಟ್ಟಿದ್ರು, ಎರಡು ದಿನ ಹೊಡೆದು ತಲೆ ಕೆಡಿಸ್ಕೊಂಡ ಮೇಲೆ ಕೇಸ್ ಹಿಂದಿನ ಅಚ್ಚು ನೋಡಿ ಗೊತ್ತಾಯ್ತು. ಸೀಲ್ ಒಡೆದ ಡಬ್ಬಿ ತಗೊಳ್ಳಲೇಬೇಡಿ.

ಹಂತ 6: ಹೊಡೆದು ನೋಡೋದು

ಜಾಗ ಮೊದಲು. ರೈಫಲ್ ಕ್ಲಬ್ಬಿನ ರೇಂಜ್ ಸಿಕ್ಕಿದ್ರೆ ಅದೇ ಸರಿ. ಸಣ್ಣ ಗುಂಡು ಅಂತ ಸದರ ಬೇಡ, 22 ಗುಂಡು ಒಂದು ಕಿಲೋಮೀಟರ್ ಮೀರಿ ಹೋಗುತ್ತೆ. ತೋಟದ ಮಧ್ಯೆ ಮರಕ್ಕೆ ಟಾರ್ಗೆಟ್ ಮೊಳೆ ಹೊಡೆದು ನಿಲ್ಲೋದು ಮಹಾ ತಪ್ಪು, ಹಿಂದೆ ಲೈನ್ ಮನೆ (ತೋಟದ ಕೆಲಸದವರ ಸಾಲುಮನೆ) ಇದ್ಯೋ, ಮೆಣಸು ಕುಯ್ಯೋರು ಇದ್ದಾರೋ ಕಾಫಿ ಗಿಡದ ಮಧ್ಯೆ ಕಾಣಲ್ಲ. ಟಾರ್ಗೆಟ್ ಹಿಂದೆ ಎತ್ತರದ ಮಣ್ಣಿನ ಬರೆ (ದಿಬ್ಬದ ಗೋಡೆ) ಇರ್ಲೇಬೇಕು, ಅದ್ರಲ್ಲಿ ಕಲ್ಲು ಇರ್ಬಾರದು, ಸೀಸ ಕಲ್ಲಿಗೂ ನೀರಿಗೂ ತಾಗಿ ಎಗರುತ್ತೆ.

ಈಗ ಲೆಕ್ಕ. ಪ್ರತಿ ಡಬ್ಬಿಯ 50 ತೋಟಾನ ಎರಡು ದಿನಕ್ಕೆ ಹಂಚಿ. ಮೊದಲ ದಿನ 10 ಹಾಗೇ ಹೊಡೀರಿ, ಅದನ್ನ ಲೆಕ್ಕಕ್ಕೆ ತಗೊಳ್ಬೇಡಿ. ಯಾಕಂದ್ರೆ ಒಂದೊಂದು ಕಂಪನಿಯ ಗುಂಡಿನ ಮೇಲಿನ ಮೇಣ ಬೇರೆ ಬೇರೆ, ಹಿಂದಿನ ಮೇಣ ಬ್ಯಾರಲ್ ಒಳಗೆ ಇನ್ನೂ ಇರುತ್ತೆ, ಹೊಸದು ಪೂರ್ತಿ ಹರಡೋ ತನಕ ಗುಂಡು ಅಲ್ಲಿ ಇಲ್ಲಿ ಬೀಳುತ್ತೆ. ಮೂರು ಮೂರು ಹೊಡೆದು ಬದಲಿಸೋರು ಅಳೀತಿರೋದು ಈ ಮಿಶ್ರಣವನ್ನ, ತೋಟಾನ ಅಲ್ಲ. ಇದೇ ಎಲ್ಲರೂ ಎಡವೋ ಜಾಗ. ಆಮೇಲೆ 5 ಗುಂಡಿನ ಗ್ರೂಪ್ ನಾಲ್ಕು, ನಾಲ್ಕಕ್ಕೂ ಬೇರೆ ಬೇರೆ ಟಾರ್ಗೆಟ್. ಒಂದು ಲಾಟ್ ಪೂರ್ತಿ ಮುಗಿದ ಮೇಲೆ ಇನ್ನೊಂದು.

ಎರಡನೇ ದಿನ ಕ್ರಮ ತಿರುಗಿಸಿ, ಮೊನ್ನೆ ಕೊನೆಗೆ ಹೊಡೆದದ್ದನ್ನ ಇವತ್ತು ಮೊದಲು. ಸುಸ್ತು, ಬಿಸಿಲು, ಗಾಳಿ ಯಾವಾಗಲೂ ಒಂದೇ ತೋಟಾದ ತಲೆಗೆ ಬರಬಾರದು. ಮತ್ತೆ 10 ಹೊಂದಿಸೋಕೆ, 10 ಎರಡು ಗ್ರೂಪಿಗೆ. ಒಟ್ಟು 50 ಮುಗೀತು, ಆರು ಗ್ರೂಪ್ ಸಿಕ್ತು.

ಈ ಎರಡು ದಿನದಲ್ಲಿ ಸ್ಕೋಪ್ ಮುಟ್ಟಬೇಡಿ. ಗುಂಡು ಕಪ್ಪು ಚುಕ್ಕೆಗೆ ಬೀಳದೆ ಎರಡು ಇಂಚು ಎಡಕ್ಕೆ ಬಿದ್ರೂ ಪರವಾಗಿಲ್ಲ, ಈಗ ನೋಡ್ತಿರೋದು ಎಷ್ಟು ಒತ್ತಾಗಿ ಬೀಳುತ್ತೆ ಅಂತ, ಎಲ್ಲಿ ಬೀಳುತ್ತೆ ಅಂತಲ್ಲ. ಬ್ಯಾರಲ್‌ನ ಚೀಲದ ಮೇಲೆ ಇಡಬೇಡಿ, ಸ್ಟಾಕಿನ ಮುಂಭಾಗ ಇಡಿ. ತೋಟಾ ಡಬ್ಬಿ ನೆರಳಲ್ಲಿರ್ಲಿ, ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಟ್ರೆ ಮದ್ದು ಬಿಸಿಯಾಗಿ ವೇಗ ಬದಲಾಗುತ್ತೆ. ಮಂಜು ಇರೋ ಬೆಳಿಗ್ಗೆ ಶುರು ಮಾಡ್ಬೇಡಿ, ಮಂಜು ಕರಗಿ ಟಾರ್ಗೆಟ್ ಚೆನ್ನಾಗಿ ಕಾಣಿಸ್ಲಿ.

ಹಂತ 7: ಗ್ರೂಪ್ ಓದೋದು

ದೂರದೂರ ಇರೋ ಎರಡು ತೂತಿನ ಹೊರ ಅಂಚಿಂದ ಹೊರ ಅಂಚಿಗೆ ಅಳೆದು ಅದ್ರಲ್ಲಿ ಗುಂಡಿನ ದಪ್ಪ 5.6 ಮಿಲಿಮೀಟರ್ ಕಳೀರಿ. ಅದು ಗ್ರೂಪ್ ಅಳತೆ. ಆರರ ಸರಾಸರಿ ತೆಗೀರಿ, ಒಂದೇ ಒಂದು ಸಣ್ಣ ಗ್ರೂಪ್ ನೋಡಿ ಮರುಳಾಗ್ಬೇಡಿ. ಉದಾಹರಣೆಗೆ ಒಂದು ಲಾಟ್ 14, 31, 22, 27, 16, 34 ಬಂತು ಅನ್ಕೊಳ್ಳಿ, ಸರಾಸರಿ 24. ಇನ್ನೊಂದು 20, 23, 19, 22, 21, 21, ಸರಾಸರಿ 21. ಮೊದಲನೇದ್ರಲ್ಲಿ 14ರ ಗ್ರೂಪ್ ನೋಡಿ ಫೋಟೋ ತೆಗೆದು ಎಲ್ಲರಿಗೂ ಕಳಿಸ್ತಾರೆ, ಆದ್ರೆ ಸ್ಪರ್ಧೆ ದಿನ ಬರೋದು 34 ಆಗಿರ್ಬಹುದು. ಎರಡನೇದನ್ನೇ ಆರಿಸಿ.

ಆಕಾರವೂ ಮಾತಾಡುತ್ತೆ. ಮೇಲೆ ಕೆಳಗೆ ಉದ್ದಕ್ಕೆ ಬಿದ್ರೆ ಹೆಚ್ಚಾಗಿ ತೋಟಾದ ವೇಗ ಒಂದೇ ಸಮ ಇಲ್ಲ, ಸೆಕೆಂಡಿಗೆ 15 ಮೀಟರ್ ವ್ಯತ್ಯಾಸ ಆದ್ರೆ 50 ಮೀಟರಲ್ಲಿ ಒಂದು ಸೆಂಟಿಮೀಟರ್‌ಗೂ ಮೀರಿ ಮೇಲೆ ಕೆಳಗೆ ಆಗುತ್ತೆ. ಅಡ್ಡಡ್ಡ ಬಿದ್ರೆ ಗಾಳಿ, ಇಲ್ಲ ನಿಮ್ಮ ಟ್ರಿಗರ್ ಬೆರಳು. ಎರಡು ಬೇರೆ ಬೇರೆ ಗುಂಪಾಗಿ ಬಿದ್ರೆ ಏನೋ ಸಡಿಲ ಇದೆ, ಹಂತ 2ಕ್ಕೆ ವಾಪಸ್ ಹೋಗಿ. ಮೂರೂ ಲಾಟ್ ಚದುರಿದ್ರೂ ಅಷ್ಟೇ, ತಪ್ಪು ರೈಫಲ್‌ದೋ ಹೊಡೆಯೋರದ್ದೋ, ನಾಲ್ಕನೇ ಡಬ್ಬಿ ತರೋಕೆ ಓಡ್ಬೇಡಿ.

ಆರಿಸಿದ ಮೇಲೆ ಮಾತ್ರ ಸ್ಕೋಪ್ ಮುಟ್ಟಿ, ಆ ಲಾಟಿಗೆ ಸ್ಪರ್ಧೆ ದೂರಕ್ಕೆ ಸರಿ ಮಾಡಿ.

ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು

ಟ್ರಿಗರ್ ಒತ್ತಿದ್ರೂ ಹೊಡೀಲಿಲ್ಲ: ಬ್ಯಾರಲ್ ಬರೆ ಕಡೆಗೇ ಇರ್ಲಿ, ಒಂದು ನಿಮಿಷ ಪೂರ್ತಿ ಕಾಯಿರಿ, ತಡವಾಗಿ ಹೊತ್ತೋದು ಇದೆ. ಆಮೇಲೆ ಮುಖ ಪಕ್ಕಕ್ಕೆ ಮಾಡಿ ಬೋಲ್ಟ್ ತೆರೀರಿ. ತಿರುಗಿಸಿ ಹಾಕಿ ಮತ್ತೆ ಹೊಡೆಯೋದು ಬೇಡ.

ಪುಸ್ ಅಂತ ಸದ್ದು ಕಮ್ಮಿ ಬಂತು, ಟಾರ್ಗೆಟಲ್ಲಿ ತೂತಿಲ್ಲ: ಗುಂಡು ಬ್ಯಾರಲ್ ಒಳಗೇ ಕೂತಿರ್ಬಹುದು. ಇನ್ನೊಂದು ಹೊಡೆದ್ರೆ ಬ್ಯಾರಲ್ ಉಬ್ಬುತ್ತೆ ಅಥವಾ ಸೀಳುತ್ತೆ. ಖಾಲಿ ಮಾಡಿ, ಬೋಲ್ಟ್ ತೆಗೆದು ರಾಡ್ ಹಾಯಿಸಿ ನೋಡಿ. ಇದನ್ನ ನಾನು ಎಷ್ಟು ಸಲ ಹೇಳಿದ್ರೂ ಸಾಲಲ್ಲ, ಸ್ಪರ್ಧೆ ಗದ್ದಲದಲ್ಲಿ ಸದ್ದಿನ ವ್ಯತ್ಯಾಸ ಕೇಳಿಸಲ್ಲ.

ಖಾಲಿ ಕೇಸಿನ ಅಂಚು ಉಬ್ಬಿದೆ, ಸೀಳಿದೆ, ಮುಖಕ್ಕೆ ಗಾಳಿ ಬಡಿದ ಹಾಗಾಯ್ತು, ಬೋಲ್ಟ್ ಗಟ್ಟಿಯಾಯ್ತು: ಇವ್ಯಾವುದಾದ್ರೂ ಒಂದು ಸಲ ಕಂಡ್ರೂ ಆ ಡಬ್ಬಿ ಬದಿಗಿಡಿ, ರೈಫಲ್ ಗನ್‌ಸ್ಮಿತ್‌ಗೆ ತೋರಿಸಿ.

ಹಂತ 8: ಉಳಿದ ಡಬ್ಬಿ ತಂದು ಇಡೋದು

ಗೆದ್ದ ಲಾಟ್ ಯಾವ್ದು ಅಂತ ಗೊತ್ತಾದ ದಿನವೇ ಅಂಗಡಿಗೆ ಹೋಗಿ, ಲೈಸೆನ್ಸ್ ಮಿತಿ ಒಳಗೆ ಅದೇ ನಂಬರಿನದ್ದು ಎಷ್ಟು ಸಿಗುತ್ತೋ ತನ್ನಿ, ಹಬ್ಬದ ವಾರಕ್ಕೆ ಕಾದ್ರೆ ಇನ್ಯಾರೋ ತಗೊಂಡಿರ್ತಾರೆ.

ಒಲೆ ಮೇಲಿನ ಅಟ್ಟದಲ್ಲಿ ಬೆಚ್ಚಗಿರುತ್ತೆ ಅಂತ ತೋಟಾ ಇಡೋ ಹಳೇ ಅಭ್ಯಾಸ ಬಿಡಿ, ಅಲ್ಲಿ ಬಿಸಿ ಏರಿಳಿಯುತ್ತೆ, ಹೊಗೆ ಬೇರೆ. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಬೀಗ ಇರೋ ಕಪಾಟು, ಕೋವಿ ಬೇರೆ ಬೀಗದಲ್ಲಿ. ತೋಟಾಗೆ ಎಣ್ಣೆ ಒರೆಸಬೇಡಿ, ತುಕ್ಕು ಬಿಡಿಸೋ ಸ್ಪ್ರೇ ಅಂತೂ ಹತ್ರ ತರ್ಬೇಡಿ, ಅದು ಸಂದಿಯಿಂದ ಇಳಿದು ಮಸಾಲೆ ಕೊಲ್ಲುತ್ತೆ. ತಣ್ಣನೆ ರೂಮಿಂದ ಹೊರಗೆ ತಂದ ಡಬ್ಬನ ಅರ್ಧ ಗಂಟೆ ಮುಚ್ಚೇ ಇಡಿ, ತಕ್ಷಣ ತೆರೆದ್ರೆ ಹಿತ್ತಾಳೆ ಮೇಲೆ ಇಬ್ಬನಿ ಕೂರುತ್ತೆ.

ಹಬ್ಬದ ದಿನ ಕನ್ನಿಕೊಂಬರೆಲಿ (ಮನೆಯ ಪೂಜೆ ಕೋಣೆ) ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡಿದ ಮೇಲೆ ಮೈದಾನಕ್ಕೆ ಹೊರಡೋ ಮುಂಚೆ ಬ್ಯಾರಲ್ ತುದಿಲಿ ಹೂವಿನ ಎಸಳೋ ಗಂಧವೋ ಉಳಿದಿಲ್ಲ ಅಂತ ನೋಡಿ, ಬೋಲ್ಟ್ ತೆಗೆದು ಒಂದು ಒಣ ಪ್ಯಾಚ್ ಹಾಯಿಸಿ, ರೇಂಜಲ್ಲಿ ಅಭ್ಯಾಸಕ್ಕೆ ಅವಕಾಶ ಕೊಟ್ರೆ ಅದೇ ಲಾಟಿನ ಐದು ಗುಂಡು ಹೊಡೆದು ಬ್ಯಾರಲ್ ಹೊಂದಿಸಿ, ಆಮೇಲೆ ಕಾಯಿಗೆ ಗುರಿ ಇಡಿ.